ಕಾಳು ಹಾಕದ ಹಿಟ್ಟಿನ ಮಿಲ್ಲು

ತುಮಕೂರು ಜಿಲ್ಲೆಯಲ್ಲಿ ಮರಗೆಲಸ ಬಲ್ಲವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಯಾರೆಂದು ಹದಿನೈದು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಹೆಸರು ಹನುಮಂತರಾಜು. ಹೊಟ್ಟೆಪಾಡಿಗೆ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಆದರೆ ಅದು ದೇಹದ ಉದ್ಯೋಗ. ಆತ್ಮದ ಉದ್ಯೋಗ ನಡೆಯುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ. ಆ ಶೆಡ್ಡಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲ ಇದೆ: ಕೊಯ್ಯುವ ಮೆಷಿನ್ನು, ಕೀಸುವ ಮೆಷಿನ್ನು, ಉಜ್ಜುವ ಮೆಷಿನ್ನು, ಮತ್ತು ಇವೆಲ್ಲದರ ನಡುವೆ ಹೇಗೋ ನಿಂತುಕೊಳ್ಳುವ ನಾನು. ನಾನು ಮಾಡಿದ ಸ್ಟೂಲಿನ ಮೇಲೆ ಕೂತವರು ಯಾರೂ ಇದುವರೆಗೆ ಒಂದು ಕೊಂಕು ಮಾತು ಆಡಿಲ್ಲ. ಬಿದ್ದವರು ಆಡಿದ್ದಾರೆ, ಆದರೆ ಬಿದ್ದವರ ಮಾತನ್ನು ಕೂತವರ ಲೆಕ್ಕಕ್ಕೆ ಸೇರಿಸಲು ಗಣಿತ ಒಪ್ಪುವುದಿಲ್ಲ.

ಇಷ್ಟು ದೊಡ್ಡ ಕಲೆಗಾರನಿಗೆ ಇದ್ದದ್ದು ಒಬ್ಬನೇ ಶತ್ರು, ಧೂಳು. ಪ್ಲೈವುಡ್ಡನ್ನು ನಾನು ಮುಟ್ಟಿದವನಲ್ಲ, ನನ್ನದೇನಿದ್ದರೂ ಹಲಸಿನ ಮರ. ಹಲಸನ್ನು ಕೊಯ್ದರೆ ಉದುರುವ ಧೂಳು ಅರಿಶಿನದಷ್ಟು ಹಳದಿ, ಮೋಡದಷ್ಟು ಹಗುರ. ಅದು ಶೆಡ್ಡಿನಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ನಾನು ಯಾವತ್ತೂ ವಿಚಾರಿಸಿರಲಿಲ್ಲ. ವಯಸ್ಸಿಗೆ ಬಂದ ಧೂಳು, ತನ್ನ ದಾರಿ ತಾನು ನೋಡಿಕೊಳ್ಳುತ್ತದೆ ಎಂದು ಬಿಟ್ಟಿದ್ದೆ.

ಅದು ಹೋಗುತ್ತಿದ್ದದ್ದು ಪಕ್ಕದ ಮನೆಯ ಬೀಬಿಜಾನ್ ಅವರ ತಾರಸಿಗೆ. ಬೀಬಮ್ಮ ಬ್ಲೌಸ್ ಹೊಲಿಯುವುದರಲ್ಲಿ ಮೂರು ಬಡಾವಣೆಗೆ ಹೆಸರಾದವರು. ರಂಜಾನ್ ತಿಂಗಳಿಗೆ ಮುಂಚೆ ಅವರು ಮನೆಯಲ್ಲೇ ಶಾವಿಗೆ ಒತ್ತಿ, ಬಿಳಿ ಪಂಚೆ ಹಾಸಿ, ತಾರಸಿಯ ಮೇಲೆ ಒಣಗಿಸುತ್ತಾರೆ. ಈ ಸಲ ಬೆಳಿಗ್ಗೆ ಬೆಳ್ಳಗಿದ್ದ ಶಾವಿಗೆ ಸಂಜೆಗೆ ಚಿತ್ರಾನ್ನದ ಬಣ್ಣಕ್ಕೆ ತಿರುಗಿತ್ತು. ಒಂದು ಹಿಡಿ ಶಾವಿಗೆ ಹಿಡಿದು ನಮ್ಮ ಗೇಟಿಗೆ ಬಂದರು.

"ತಪ್ಪಾಯ್ತು" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ತಪ್ಪನ್ನೇ ಮಾಡದವನಿಗೆ ಆ ಮಾತಿನ ಉಚ್ಚಾರಣೆ ಗೊತ್ತಿರುವುದು ಹೇಗೆ? ನಾನು ಶಾವಿಗೆಯನ್ನು ಕೈಗೆ ತೆಗೆದುಕೊಂಡೆ, ಬೆಳಕಿಗೆ ಹಿಡಿದೆ, ಮೂಸಿ ನೋಡಿದೆ, ಆಕಾಶದ ಕಡೆ ಒಮ್ಮೆ ಕಣ್ಣು ಹಾಯಿಸಿದೆ.

"ಇದು ರಿಂಗ್ ರೋಡ್ ಧೂಳು ಬೀಬಮ್ಮ. ಗಾಳಿ ಆ ಕಡೆಯಿಂದ ಬೀಸ್ತಾ ಇದೆ ನೋಡಿ. ಲಾರಿ ಓಡಾಟ ಜಾಸ್ತಿ ಆಗಿದೆ."

ಬೀಬಮ್ಮ ನನ್ನ ಮೀಸೆ ನೋಡಿದರು, ಹುಬ್ಬು ನೋಡಿದರು, ಕಿವಿಯ ಮೇಲಿನ ಕೂದಲು ನೋಡಿದರು. ಮೂರೂ ಹಳದಿ.

"ಹೌದಾ ರಾಜಣ್ಣೋರೆ? ಹಂಗಾದ್ರೆ ನೀವು ಬೆಳಿಗ್ಗೆಯಿಂದ ರಿಂಗ್ ರೋಡಲ್ಲೇ ಮಲ್ಕೊಂಡಿದ್ರಿ ಅನ್ಸುತ್ತೆ" ಎಂದು ಹೇಳಿ ಹೊರಟುಹೋದರು.

ಮಾರನೆಯ ದಿನ ನಮ್ಮ ಸ್ಟೀಲ್ ಡಬ್ಬಿ ಕಾಂಪೌಂಡಿನ ಮೇಲೆ ಬಂದು ಕೂತಿತ್ತು. ಅದರ ಗಂಭೀರತೆ ತಿಳಿಯದವರಿಗಾಗಿ ಹೇಳುತ್ತೇನೆ. ಹದಿನಾಲ್ಕು ವರ್ಷದಿಂದ ಆ ಡಬ್ಬಿ ನಮ್ಮ ಎರಡು ಮನೆಗಳ ನಡುವೆ ಓಡಾಡುತ್ತಿದೆ. ಯುಗಾದಿಗೆ ಒಬ್ಬಟ್ಟು ತುಂಬಿಕೊಂಡು ಆ ಕಡೆ ಹೋದರೆ, ರಂಜಾನಿಗೆ ಶೀರ್ ಖುರ್ಮಾ ತುಂಬಿಕೊಂಡು ಈ ಕಡೆ ಬರುತ್ತದೆ. ಮಧ್ಯೆ ಏನೂ ಇಲ್ಲದಿದ್ದರೆ ನಾಲ್ಕು ಬಾಳೆಹಣ್ಣಾದರೂ ಇರುತ್ತದೆ. ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ಎರಡು ಮನೆಯಲ್ಲೂ ಇಲ್ಲ. ಅವತ್ತು ನನ್ನ ಹೆಂಡತಿ ಸುಧಾ ಮುಚ್ಚಳ ತೆಗೆದು ನೋಡಿದಳು. ಒಳಗೆ ತೊಳೆದು ಒರೆಸಿದ ಹೊಳಪು ಬಿಟ್ಟು ಮತ್ತೇನೂ ಇರಲಿಲ್ಲ.

ಸುಧಾ ಡಬ್ಬಿಯನ್ನು ನನ್ನ ಕೊಯ್ಯುವ ಮೇಜಿನ ಮೇಲೆ ತಂದಿಟ್ಟು ತೀರ್ಪು ಓದಿದಳು.

"ಬೀಬಮ್ಮ ಕುಣಿಗಲ್ಲಿಗೆ ಮಗಳ ಮನೆಗೆ ಹೋಗ್ತಿದ್ದಾರೆ. ಬರೋ ಭಾನುವಾರ ಮತ್ತೆ ಶಾವಿಗೆ ಹಾಕ್ತಾರಂತೆ. ಅದರ ಮೇಲೆ ಒಂದು ಚೂರು ಹಳದಿ ಕಂಡ್ರೂ ನಿಮ್ಮ ಈ ಸಾಮಾನೆಲ್ಲ ಕೊತ್ತಗೆರೆಗೆ ಹೋಗುತ್ತೆ. ನಮ್ಮಣ್ಣನ ಕೊಟ್ಟಿಗೇಲಿ ಎಮ್ಮೆ ಪಕ್ಕ ಜಾಗ ಇದೆ."

ಹೀಗೆ ನಾನು ಧೂಳು ಹೀರುವ ಮೆಷಿನ್ ಹುಡುಕಲು ಹೊರಟೆ. ಇರುವುದು ಒಂದು ವಾರ. ಷರತ್ತು ಒಂದೇ, ಶೆಟ್ಟಿಹಳ್ಳಿಯಲ್ಲಿ ಯಾರಿಗೂ ಗೊತ್ತಾಗಬಾರದು. ಧೂಳು ರಿಂಗ್ ರೋಡಿನದಾದರೆ ಮೆಷಿನ್ ನಮ್ಮ ಶೆಡ್ಡಿಗೆ ಯಾಕೆ? ಅದನ್ನು ತಂದೆನೆಂದರೆ ತಪ್ಪೊಪ್ಪಿಗೆಗೆ ರುಜು ಹಾಕಿದ ಹಾಗೆ.

ಮೊದಲ ಪ್ರಯೋಗ ಸುಧಾಳ ವ್ಯಾಕ್ಯೂಮ್ ಕ್ಲೀನರಿನ ಮೇಲೆ ನಡೆಯಿತು. ಅದು ನಾಲ್ಕು ನಿಮಿಷ ಹೀರಿತು, ಐದನೆಯ ನಿಮಿಷ ಕೆಮ್ಮಿತು, ಆರನೆಯ ನಿಮಿಷ ಹೀರಿದ್ದನ್ನೆಲ್ಲ ನನ್ನ ಮುಖಕ್ಕೆ ವಾಪಸ್ ಕೊಟ್ಟಿತು. ಅದರ ಅಂತ್ಯಕ್ರಿಯೆಯ ವಿವರ ಇಲ್ಲಿ ಬೇಡ.

ಮಂಗಳವಾರ ಒಂದು ದಿನ ರಜೆ ಹಾಕಿ ಕುಣಿಗಲ್ಲಿಗೆ ಹೋದೆ. ನಮ್ಮ ಊರಿನವರ ಕಣ್ಣಿಗೆ ಬೀಳದಿರಲು ಅಷ್ಟು ದೂರ ಸಾಕೆಂಬುದು ನನ್ನ ಲೆಕ್ಕ. ಅಲ್ಲೊಂದು ಫರ್ನಿಚರ್ ವರ್ಕ್‌ಶಾಪು, ಅದರ ಹಿಂದೆಯೇ ಮನೆ. ಯಜಮಾನ ಶಾಬಾಜ್ ಎಂಬ ಲಕ್ಷಣವಾದ ಯುವಕ. ಎಲ್ಲೋ ನೋಡಿದ ಹಾಗಿತ್ತು. ಅವನ ಮೆಷಿನ್ ತೋರಿಸಿದ. ಕೆಳಗೊಂದು ಬ್ಲೋವರು, ಮೇಲೊಂದು ಎತ್ತರದ ಬಟ್ಟೆಚೀಲ. ಸ್ವಿಚ್ ಹಾಕಿದರೆ ಚೀಲ ಉಬ್ಬಿ ನಿಲ್ಲುತ್ತದೆ, ಗಾಳಿ ಬಟ್ಟೆಯಿಂದ ಸೋಸಿ ಆಚೆ ಬರುತ್ತದೆ, ಧೂಳು ಒಳಗೇ ಉಳಿಯುತ್ತದೆ.

"ಮೆಷಿನ್ ಯಾವ್ದಾದ್ರೂ ತಗೊಳ್ಳಿ ಸಾರ್, ಕೊನೇಗೆ ಧೂಳು ಹಿಡಿಯೋದು ಬಟ್ಟೆ. ಒತ್ತಾಗಿ ನೇಯ್ದಿರೋ ಬಟ್ಟೆ ಇರ್ಬೇಕು ಅಷ್ಟೇ" ಎಂದ.

ಅಪರಿಚಿತರ ಮುಂದೆ ಮನಸ್ಸು ಬಿಚ್ಚುವುದು ಸುಲಭ. ಚಹಾ ಕುಡಿಯುತ್ತ ಅವನಿಗೆ ಇಡೀ ಕಥೆ ಹೇಳಿದೆ: ಪಕ್ಕದ ಮನೆಯಾಕೆಯ ಶಾವಿಗೆ, ನನ್ನ ಧೂಳು, ನಾನು ಗಾಳಿಯ ದಿಕ್ಕು ನೋಡಿದ ರೀತಿ, ರಿಂಗ್ ರೋಡಿನ ಉಪಾಯ. ಹುಬ್ಬಿನ ಅಭಿನಯವನ್ನೂ ಮಾಡಿ ತೋರಿಸಿದೆ. ಒಳಗಡೆ ಪರದೆಯ ಹಿಂದೆ ಯಾರೋ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ನನ್ನ ಕಥೆ ರಂಗೇರಿದಾಗ ಆ ಸದ್ದು ಗಕ್ಕನೆ ನಿಂತಿತು. ನನ್ನ ಕಥನಕಲೆಗೆ ಕುಣಿಗಲ್ಲಿನಲ್ಲಿ ಇಂಥ ಗೌರವ ಸಿಕ್ಕಿದ್ದಕ್ಕೆ ಹೆಮ್ಮೆಪಟ್ಟು ಇನ್ನೆರಡು ವಾಕ್ಯ ಸೇರಿಸಿದೆ. ಶಾಬಾಜ್ ಮಾತ್ರ ಯಾಕೋ ಬೆವರು ಒರೆಸಿಕೊಳ್ಳುತ್ತಿದ್ದ.

ಮೆಷಿನ್ ನನಗೆ ಹಿಡಿಸಲಿಲ್ಲ. ಚೀಲವಂತೆ ಚೀಲ. ನಾನೇನು ಧೂಳಿಗೆ ದಿಂಬು ಹೊಲಿಸಲು ಹೊರಟವನೇ?

ಗುರುವಾರ ಗುಬ್ಬಿಯಲ್ಲಿ ಶಾಲೆ ಮುಗಿಸಿ ಬರುವಾಗ ಗಂಗಾಧರನ ರೈಸ್ ಮಿಲ್ಲು ಕಾಣಿಸಿತು. ಗಂಗಾಧರ ನನ್ನ ಹಳೆಯ ಶಿಷ್ಯ. ಮಿಲ್ಲಿನ ನೆತ್ತಿಯ ಮೇಲೆ ಬುಡಮೇಲಾಗಿ ಕೂರಿಸಿದ ತಗಡಿನ ದೊಡ್ಡ ಶಂಕು. ಗಾಳಿಯ ಜೊತೆ ಬರುವ ಹೊಟ್ಟು ಅದರೊಳಗೆ ಗಿರಗಿರನೆ ಸುತ್ತಿ ಕೆಳಗೆ ಉದುರುತ್ತದೆ. ನನ್ನ ಮೈ ಜುಮ್ಮೆಂದಿತು. ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ ಶಂಕು ಬರೆದವನು ನಾನು. ಗಣಿತ ನನ್ನ ಋಣ ತೀರಿಸಲು ರೈಸ್ ಮಿಲ್ಲಿನ ರೂಪದಲ್ಲಿ ಬಂದಿತ್ತು.

ಹಿತ್ತಲಲ್ಲಿ ಬಿಚ್ಚಿ ಇಟ್ಟಿದ್ದ ಹತ್ತಡಿಯ ಹಳೆಯ ಶಂಕು ಒಂದಿತ್ತು. ಬ್ಲೋವರ್ ಸಮೇತ ತೆಗೆದುಕೊಂಡು ಹೋಗಿ ಮೇಷ್ಟ್ರೇ ಎಂದ ಗಂಗಾಧರ. ಆಮೇಲೆ ತಲೆ ಕೆರೆದುಕೊಂಡು ಏನೋ ಶುರುಮಾಡಿದ.

"ಸಾರ್, ಒಂದ್ ವಿಷ್ಯ. ದಪ್ಪದೆಲ್ಲ ಕೆಳಕ್ಕೆ ಬೀಳುತ್ತೆ. ಆದ್ರೆ ನುಣ್ಣಗಿರೋದು ಮೇಲಿನ ಬಾಯಿಂದ..."

"ಗಂಗಾಧರ, ಶಂಕುವಿನ ಘನಫಲ ಹೇಳು."

ನಲವತ್ತು ದಾಟಿದ ಮಿಲ್ ಮಾಲೀಕ ನೆಲ ನೋಡುತ್ತ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆದ. ಇದೇ ಪ್ರಶ್ನೆಯಲ್ಲಿ ಅವನು ಎರಡು ಸಲ ಫೇಲಾಗಿದ್ದ.

"ಗೊತ್ತಿಲ್ಲ ಸಾರ್."

"ಹಂಗಾದ್ರೆ ಶಂಕುವಿನ ವಿಚಾರ ನನ್ ಮುಂದೆ ಮಾತಾಡ್ಬೇಡ."

ಪಾಪ, ಬಾಯಿ ಮುಚ್ಚಿಕೊಂಡು ಟೆಂಪೋಗೆ ಹೇಳಿಕಳಿಸಿದ.

ಶನಿವಾರ ಶೆಡ್ಡಿನ ಶೀಟಿನಲ್ಲಿ ತೂತು ಕೊರೆಸಿ ಶಂಕುವನ್ನು ನಿಲ್ಲಿಸಿದೆ. ಮೇಲಿನ ಬಾಯಿ ಶೀಟಿನಿಂದ ಆಚೆ ಹೊರಟು ಬೀಬಮ್ಮನ ತಾರಸಿಯ ಅಂಚಿಗೆ ಸರಿಯಾಗಿ ತಲುಪಿತು. ಕೆಳಗಿನ ಕೊಳವೆಯನ್ನು ಗೋಡೆ ದಾಟಿಸಿ ಅಂಗಳಕ್ಕೆ ಬಿಟ್ಟೆ. ಇಡೀ ಶೆಟ್ಟಿಹಳ್ಳಿಗೆ ಕಾಣುವಂಥ ಗಾಂಭೀರ್ಯ. ಕಂಡೇ ಕಂಡಿತು. ಎದುರು ಮನೆಯ ನರಸಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತು ಇದೇನು ಮೇಷ್ಟ್ರೇ ಎಂದರು. ಧೂಳಿನ ಮೆಷಿನ್ ಎನ್ನುವ ಹಾಗಿಲ್ಲ.

"ಸ್ವಂತ ಉಪಯೋಗಕ್ಕೆ" ಎಂದೆ.

ನರಸಮ್ಮ ಶಂಕು ನೋಡಿದರು, ಬ್ಲೋವರ್ ನೋಡಿದರು, ಅಂಗಳಕ್ಕೆ ಇಳಿದ ಕೊಳವೆ ನೋಡಿದರು, ನನ್ನನ್ನು ನೋಡಿ ಅರ್ಥಗರ್ಭಿತವಾಗಿ ನಕ್ಕು ಹೊರಟರು. ನಮ್ಮ ರಸ್ತೆಯ ಹಿಟ್ಟಿನ ಮಿಲ್ಲಿನ ಮೋಟಾರು ಸುಟ್ಟು ಮೂರು ವಾರವಾಗಿತ್ತೆಂಬುದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ನಮ್ಮ ಗೇಟಿನಿಂದ ಹನ್ನೆರಡನೆಯ ಮನೆಯವರೆಗೆ ಕ್ಯೂ. ಜನರದ್ದಲ್ಲ, ಡಬ್ಬಗಳದ್ದು. ಎಣ್ಣೆ ಟಿನ್ನು, ಪೇಂಟ್ ಬಕೆಟ್ಟು, ಹಿಡಿ ಮುರಿದ ಕುಕ್ಕರು, ಎಲ್ಲದರ ತುಂಬ ರಾಗಿ. ಡಬ್ಬ ತರಲು ಮರೆತ ಯಾರೋ ತಮ್ಮ ಜಾಗಕ್ಕೆ ಒಂದು ಇಟ್ಟಿಗೆ ಇಟ್ಟು ಅದರ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದರು. ಎಲ್ಲಕ್ಕಿಂತ ಮುಂದೆ ನರಸಮ್ಮನ ಡಬ್ಬ, ಅದೂ ಖಾಲಿಯದು, ನೇರವಾಗಿ ನನ್ನ ಕೊಳವೆಯ ಬಾಯಿಗೇ ಹಿಡಿದು ಇಟ್ಟಿದ್ದು. ಪಕ್ಕದಲ್ಲಿ ಅವರು ರಾಗಿ ಚೀಲ ಹಿಡಿದು ಕಾಯುತ್ತಿದ್ದರು.

ಅಷ್ಟರಲ್ಲಿ ಕೊತ್ತಗೆರೆಯಿಂದ ಸುಧಾಳ ಅಣ್ಣ ಹೊನ್ನಯ್ಯ ಆಟೋದಲ್ಲಿ ಎರಡು ಮೂಟೆ ರಾಗಿ ಹೇರಿಕೊಂಡು ಇಳಿದರು. ಸುದ್ದಿ ಅಲ್ಲಿಯವರೆಗೆ ಹೇಗೆ ಹೋಯಿತೋ, ಶಂಕು ಅಷ್ಟು ಎತ್ತರವಿತ್ತು ಎಂದಷ್ಟೇ ಹೇಳಬಲ್ಲೆ.

"ಏನ್ ಭಾವ, ಮಿಲ್ ಹಾಕ್ಸಿದ್ದೀಯ, ಮನೆಯವ್ರಿಗೇ ಒಂದ್ ಮಾತು ಹೇಳಂಗಿಲ್ವಾ? ಇರ್ಲಿ ಬುಡು. ಇದು ಸಣ್ಣಗೆ ಬೀಸು, ಅದು ತರಿತರಿ ಇರ್ಲಿ."

ಸುಧಾ ನನ್ನನ್ನು ಅಡುಗೆಮನೆಗೆ ಎಳೆದಳು. ಇದು ಮಿಲ್ಲಲ್ಲ ಅಂತ ಹೋಗಿ ಹೇಳ್ರಿ ಎಂದಳು. ಹಾಗಾದರೆ ಏನೆಂದು ಹೇಳಲಿ ಎಂದೆ. ಇರುವುದನ್ನು ಹೇಳಿ ಎಂದಳು. ಹೆಂಗಸರಿಗೆ ಎಲ್ಲವೂ ಎಷ್ಟು ಸುಲಭ.

ಕಿಟಕಿಯಿಂದ ನೋಡಿದೆ. ಹಿಂದಿನ ದಿನ ಸಂಜೆ ಕುಣಿಗಲ್ಲಿನಿಂದ ಬಂದಿದ್ದ ಬೀಬಮ್ಮ ತಾರಸಿಯ ಮೇಲೆ ಬಿಳಿ ಪಂಚೆ ಹಾಸುತ್ತಿದ್ದರು. ನನ್ನ ತಲೆ ಮಿಂಚಿನಂತೆ ಓಡಿತು. ಈಗಲೇ ಶೆಡ್ಡಿನ ಬಾಗಿಲು ಹಾಕಿಕೊಂಡು ಹಲಗೆ ಕೊಯ್ಯಬೇಕು. ಧೂಳು ಶಂಕುವಿನೊಳಗೆ ಹೋಗುತ್ತದೆ, ಪಂಚೆ ಬೆಳ್ಳಗೆ ಉಳಿಯುತ್ತದೆ, ಶೆಡ್ಡು ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಆಮೇಲೆ ಮಿಲ್ಲು ಕೆಟ್ಟಿದೆ ಎಂದು ಜನರನ್ನು ಕಳಿಸಿದರಾಯಿತು. ಇಂಥ ಯೋಜನೆ ಹಾಕಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಸ್ವಿಚ್ ಒತ್ತಿದೆ. ಬ್ಲೋವರ್ ಎಂಥ ಸದ್ದು ಮಾಡಿತೆಂದರೆ ಗುಬ್ಬಿಯಲ್ಲಿ ಗಂಗಾಧರ ತನ್ನದೇ ಮಿಲ್ಲು ಶುರುವಾಯಿತೆಂದು ಎದ್ದು ಕೂತಿರಬೇಕು. ಆರಡಿ ಹಲಗೆ ಕೊಯ್ದೆ, ಉಜ್ಜಿದೆ, ಮತ್ತೆ ಕೊಯ್ದೆ. ಶೆಡ್ಡಿನೊಳಗೆ ಒಂದು ಕಣ ಧೂಳಿಲ್ಲ. ನನ್ನ ಮೀಸೆ ಹದಿನೈದು ವರ್ಷದಲ್ಲಿ ಮೊದಲ ಸಲ ತನ್ನ ಸ್ವಂತ ಬಣ್ಣದಲ್ಲಿತ್ತು. ವಿಜಯದಿಂದ ಎಲ್ಲ ಆಫ್ ಮಾಡಿ ಬಾಗಿಲು ತೆಗೆದೆ.

ಹೊರಗೆ ಎಲ್ಲರೂ ಬಾಯಿ ತೆರೆದು ನಿಂತಿದ್ದರು. ನರಸಮ್ಮನ ಡಬ್ಬದ ತುಂಬ ಹಳದಿ ಹಿಟ್ಟು, ಮೇಲೆ ಗೋಪುರ ಕಟ್ಟಿತ್ತು.

"ನಾನಿನ್ನೂ ರಾಗಿ ಹಾಕೇ ಇಲ್ಲ ಕಣಪ್ಪ" ಎಂದರು ನರಸಮ್ಮ, ದೇವರ ಮುಂದೆ ನಿಂತ ದನಿಯಲ್ಲಿ. "ಹಿಟ್ಟು ಬಂದೇ ಬಿಡ್ತು."

"ಅದೂ ಕಡ್ಲೆಹಿಟ್ಟು" ಎಂದರು ಹೊನ್ನಯ್ಯ. ತಮ್ಮ ಭಾವ ಕಾಳು ಹಾಕದೆಯೇ ಹಿಟ್ಟು ಬರುವ ಮಿಲ್ಲು ಕಂಡುಹಿಡಿದಿದ್ದಾನೆಂದು ಅಕ್ಕಪಕ್ಕದವರಿಗೆಲ್ಲ ವಿವರಿಸತೊಡಗಿದರು. ಎರಡು ಮೂಟೆ ರಾಗಿ ಸುಮ್ಮನೆ ಹೊತ್ತು ತಂದೆನಲ್ಲ ಎಂಬ ಸಣ್ಣ ನೋವೂ ಆ ದನಿಯಲ್ಲಿತ್ತು. ಯಾರೋ ಹೆಂಗಸು ಬಜ್ಜಿಗೆ ಬಾಣಲೆ ಇಡಲು ಮನೆಗೆ ಓಡಿದಳು.

ಕ್ಯೂನಲ್ಲಿ ಏಳನೆಯವರು ಚನ್ನವೀರಯ್ಯ. ಹಿಂದಿನ ರಸ್ತೆಯಲ್ಲಿರುವ ಆಹಾರ ಇನ್ಸ್‌ಪೆಕ್ಟರು. ಅಲ್ಲಿಯವರೆಗೆ ಅವರು ಬನಿಯನ್ನು ಲುಂಗಿಯಲ್ಲಿ, ತಾಯಿ ಕೊಟ್ಟ ಡಬ್ಬ ಹಿಡಿದು, ಎಲ್ಲರಂತೆ ನಿಂತಿದ್ದರು. ಹಿಟ್ಟು ಕಂಡೊಡನೆ ಅವರೊಳಗಿನ ಅಧಿಕಾರಿ ಎಚ್ಚರಗೊಂಡ. ಮುಂದೆ ಬಂದು ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದು ಚಿಟಿಕೆ ಇಟ್ಟರು.

"ಕಲಬೆರಕೆ" ಎಂದರು. "ಕಡ್ಲೆಹಿಟ್ಟಿಗೆ ಏನೋ ಬೆರೆಸಿದ್ದೀರಿ. ಬೇಳೆ ಅಲ್ಲ, ಜೋಳ ಅಲ್ಲ. ಏನ್ ಬೆರೆಸಿದ್ದೀರಿ ಹೇಳಿ, ಕೇಸ್ ಬರೀಬೇಕು."

ಸ್ವಾಮಿ, ನನ್ನನ್ನು ಸುಳ್ಳ ಎನ್ನಿ, ಜಂಬಗಾರ ಎನ್ನಿ, ಸಹಿಸುತ್ತೇನೆ. ಆದರೆ ಪ್ಲೈವುಡ್ ಮುಟ್ಟದ ಕೈಗೆ ಕಲಬೆರಕೆ ಎಂದರೆ? ನನ್ನ ರಕ್ತ ಕುದಿಯಿತು.

"ಕಲಬೆರಕೆನಾ? ಇದ್ರಲ್ಲಿ ಒಂದ್ ಕಾಳು ಕಡ್ಲೆಹಿಟ್ಟಿದ್ರೆ ನನ್ ಹೆಸರು ಬದಲಾಯ್ಸಿ. ನೂರಕ್ಕೆ ನೂರು ಶುದ್ಧ ಹಲಸಿನ ಮರದ ಧೂಳು ಸಾರ್ ಇದು. ನನ್ ಶೆಡ್ಡಿಂದು. ನನ್ ಕೈಯಾರೆ ಕೊಯ್ದಿದ್ದು."

ಮಾತು ಬಾಯಿಂದ ಹೊರಟು ರಸ್ತೆ ದಾಟಿದ ಮೇಲೆ ನನಗೆ ನಾನು ಹೇಳಿದ್ದು ಕೇಳಿಸಿತು. ಚನ್ನವೀರಯ್ಯ ನಲ್ಲಿಯ ಕಡೆ ಓಡಿದರು. ತಾರಸಿಯಿಂದ ದನಿ ಬಂತು.

"ಇನ್ನೊಂದ್ಸಲ ಹೇಳಿ ರಾಜಣ್ಣೋರೆ. ಮೋಟ್ರು ಸದ್ದಿಗೆ ಕೇಳಿಸ್ಲಿಲ್ಲ."

ಮೋಟಾರು ನಿಂತು ಐದು ನಿಮಿಷವಾಗಿತ್ತು.

ತಲೆ ಎತ್ತಿದೆ. ಬೀಬಮ್ಮ ಹಾಸಿದ್ದ ಪಂಚೆಯನ್ನು ಗೋಡೆಯ ಮೇಲಿಂದ ಬಾವುಟದಂತೆ ಇಳಿಬಿಟ್ಟಿದ್ದರು. ಅಂಚಿನಿಂದ ಅಂಚಿಗೆ ಹಳದಿ. ದಪ್ಪದ್ದೆಲ್ಲ ನರಸಮ್ಮನ ಡಬ್ಬಕ್ಕೆ ಇಳಿದಿತ್ತು, ನುಣ್ಣಗಿನದೆಲ್ಲ ಶಂಕುವಿನ ಮೇಲಿನ ಬಾಯಿಂದ ಹೊರಟು ನೇರ ತಾರಸಿಗೆ ಹೋಗಿತ್ತು. ಗಂಗಾಧರ ಹೇಳಲು ಹೊರಟಿದ್ದು ಇದನ್ನೇ.

"ಶಾವಿಗೆ ಹಾಕಿರ್ಲಿಲ್ಲ" ಎಂದರು ಬೀಬಮ್ಮ. "ಬರೀ ಪಂಚೆ ಹಾಸಿದ್ದೆ, ನೋಡೋಣ ಅಂತ. ಈಗ ಹೇಳಿ, ಇದು ಯಾವ ರೋಡಿಂದು?"

ಸುಧಾ ಬಾಗಿಲಲ್ಲಿ ನಿಂತಿದ್ದಳು. ಹೊನ್ನಯ್ಯ ನಿಂತಿದ್ದರು, ಅವರ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಎಮ್ಮೆ, ಎಮ್ಮೆಯ ಪಕ್ಕ ನನ್ನ ಕೊಯ್ಯುವ ಮೆಷಿನ್ನು, ಎಲ್ಲ ಕಣ್ಣಿಗೆ ಕಟ್ಟಿತು.

"ತಪ್ಪಾಯ್ತು ಬೀಬಮ್ಮ" ಎಂದೆ. ಅಂಥ ಕಷ್ಟದ ಉಚ್ಚಾರಣೆಯೇನೂ ಅಲ್ಲ.

"ಇಷ್ಟೇ ನೋಡಿ. ಇದನ್ನ ಕುಣಿಗಲ್ಲಲ್ಲಿ ನಮ್ಮ ಅಳಿಯನ ಮುಂದೆ ಹೇಳೋ ಬದ್ಲು ನನ್ ಮುಂದೆ ಹೇಳಿದ್ರೆ ಆಗ್ತಿರ್ಲಿಲ್ವಾ?"

ಶಾಬಾಜ್ ಅವರ ಮಗಳು ಅರ್ಜೂವಿನ ಗಂಡ. ಪರದೆಯ ಹಿಂದೆ ಹೊಲಿಗೆ ಮೆಷಿನ್ ನಿಲ್ಲಿಸಿದ್ದು ಬೀಬಮ್ಮನೇ. ಆ ಮದುವೆಗೆ ನಾನು ಹೋಗಿದ್ದೆ, ಮೂರು ಸಲ ಬಿರಿಯಾನಿ ಹಾಕಿಸಿಕೊಂಡಿದ್ದೆ. ಆದರೆ ವರನ ಮುಖದ ಮೇಲೆ ಮೊಣಕಾಲುದ್ದ ಹೂವಿನ ಸೆಹ್ರಾ ಇಳಿಬಿಟ್ಟಿದ್ದರೆ ಗುರುತು ಹಿಡಿಯುವುದು ಹೇಗೆ? ಬಿರಿಯಾನಿಯಾಗಿದ್ದರೆ ಖಂಡಿತ ಗುರುತು ಹಿಡಿಯುತ್ತಿದ್ದೆ.

ಬೀಬಮ್ಮ ಒಳಗೆ ಹೋಗಿ ಒಂದು ಉದ್ದನೆಯ ಚೀಲ ತಂದರು. ಒತ್ತಾಗಿ ನೇಯ್ದ ದಪ್ಪ ಬಟ್ಟೆ, ಆಳುದ್ದ, ಎರಡು ಸಾಲು ಹೊಲಿಗೆ, ಬಾಯಿಗೆ ಲಾಡಿ. ನಾನು ಅಭಿನಯ ಮುಗಿಸಿ ಹೊರಟ ಸಂಜೆಯೇ ಅಳಿಯನಿಂದ ಬಟ್ಟೆ ತರಿಸಿ ಹೊಲಿದಿದ್ದರಂತೆ. ನಾನು ಕೇಳಿ ಬಂದರೆ ಕೊಡುವುದು, ಇಲ್ಲದಿದ್ದರೆ ಗಾದಿಗೆ ಹತ್ತಿ ತುಂಬುವುದು ಎಂದು ನಿರ್ಧಾರ. ತಾರಸಿಯ ಅಂಚಿನಿಂದ ಬಗ್ಗಿ, ಕೊರಳಲ್ಲಿದ್ದ ಟೇಪು ತೆಗೆದು ನನ್ನ ಶಂಕುವಿನ ಬಾಯಿ ಅಳೆದರು, ಬ್ಲೌಸಿನ ಗಿರಾಕಿಯ ಕುತ್ತಿಗೆ ಅಳೆಯುವ ಹಾಗೆ. ಸ್ವಲ್ಪ ಸಡಿಲ ಇದೆ ಎಂದು ಗೊಣಗಿ ಒಂದು ನೆರಿಗೆ ಹಿಡಿದು ಲಾಡಿ ಬಿಗಿದರು.

ಮತ್ತೆ ಸ್ವಿಚ್ ಹಾಕಿದೆ. ಚೀಲ ನಿಧಾನವಾಗಿ ಎದ್ದಿತು, ಹಬ್ಬದೂಟ ಮುಗಿಸಿದ ಹೊನ್ನಯ್ಯನಂತೆ ಉಬ್ಬಿ ನಿಂತಿತು. ಒಂದು ಗಂಟೆ ಹಲಗೆ ಕೊಯ್ದೆ. ಬೀಬಮ್ಮ ಹೊಸ ಪಂಚೆ ಹಾಸಿ ಶಾವಿಗೆ ಹರಡಿದರು. ಸಂಜೆ ಶಾವಿಗೆ ತೆಗೆಯುವಾಗ ಸುಧಾ ಕನ್ನಡಕ ಹಾಕಿಕೊಂಡು ಎಳೆ ಎಳೆ ಪರೀಕ್ಷಿಸಿದಳು. ಹಳದಿ ಸಿಗಲಿಲ್ಲ. ಹೊನ್ನಯ್ಯ ಎರಡು ಮೂಟೆ ರಾಗಿಯನ್ನು ಮಾತ್ರ ವಾಪಸ್ ಆಟೋಗೆ ಹೇರಿಕೊಂಡರು, ನನ್ನ ಸಾಮಾನಿಗೆ ಜಾಗ ಬೇಕಾಗಲಿಲ್ಲ. ನರಸಮ್ಮ ಡಬ್ಬದಲ್ಲಿ ಬಂದದ್ದನ್ನು ನೀರೊಲೆಗೆ ಒಯ್ದರು. ನಾನು ಗಂಗಾಧರನಿಗೆ ಫೋನ್ ಮಾಡಿ, ಶಂಕುವಿನ ಪಾಠದಲ್ಲಿ ಅವನು ಇವತ್ತು ಪಾಸಾಗಿದ್ದಾನೆಂದು ತಿಳಿಸಿದೆ. ಮೂವತ್ತು ವರ್ಷದ ಮೇಲೆ ಅವನು ಅತ್ತದ್ದು ಫೋನಿನಲ್ಲೇ ಕೇಳಿಸಿತು. ಚನ್ನವೀರಯ್ಯನವರು ನಮ್ಮ ರಸ್ತೆಯಲ್ಲಿ ಈಗ ಓಡಾಡುವುದಿಲ್ಲ. ಆ ಇಟ್ಟಿಗೆ ಮಾತ್ರ ಇನ್ನೂ ಕ್ಯೂನಲ್ಲಿದೆ.

ಈಗ ಯಾರಾದರೂ ಮನೆಯ ಮರಗೆಲಸಕ್ಕೆ ಯಾವ ಧೂಳಿನ ಮೆಷಿನ್ ಒಳ್ಳೆಯದೆಂದು ಕೇಳಿದರೆ, ನನ್ನದೇ ವಿನ್ಯಾಸ ಎಂದು ಚೀಲ ತೋರಿಸುತ್ತೇನೆ. ತೋರಿಸುವ ಮೊದಲು ತಾರಸಿಯ ಮೇಲೆ ಯಾರೂ ಇಲ್ಲವೆಂದು ನೋಡಿಕೊಳ್ಳುತ್ತೇನೆ.

ರಂಜಾನ್ ದಿನ ಡಬ್ಬಿ ಕಾಂಪೌಂಡ್ ದಾಟಿ ಬಂತು. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ಭಾರ. ಮುಚ್ಚಳ ತೆಗೆದೆ. ಬಿಸಿ ಶೀರ್ ಖುರ್ಮಾ, ಹಾಲಿನಲ್ಲಿ ತೇಲುವ ಶಾವಿಗೆ, ಗೋಡಂಬಿ, ಖರ್ಜೂರ. ಅದರ ಮೇಲೆ ಉದುರಿಸಿದ್ದ ಸಣ್ಣ ಹಳದಿ ಎಳೆಗಳು. ಚಮಚ ಎತ್ತಿದವನು ಹಾಗೆಯೇ ನಿಂತೆ. ಸುಧಾಳ ಕಡೆ ನೋಡಿದೆ, ಅವಳು ಗೋಡೆಯ ಕಡೆ ನೋಡುತ್ತಿದ್ದಳು.

"ಯಾಕ್ ಯೋಚ್ನೆ ಮಾಡ್ತೀರಾ ರಾಜಣ್ಣೋರೆ, ತಿನ್ನಿ" ಎಂದರು ಬೀಬಮ್ಮ ತಾರಸಿಯಿಂದ. "ರಿಂಗ್ ರೋಡಿಂದೇ ಅದು."

ಕೇಸರಿಯೋ ಧೂಳೋ ಕೇಳಲಿಲ್ಲ. ಡಬ್ಬಿಯ ತಳ ಕಾಣುವವರೆಗೆ ತಿಂದೆ.